ಅಲ್ಲೇ ಐತೆ ನೋಡೇ

ನಮ್ಮ ಮನೆಯ ಫ್ರಿಜ್ಜಿನ ಬಾಗಿಲಿಗೆ ‘ಫ್ರಿಜ್ಜು’ ಎಂದು ಬರೆದ ಹಳದಿ ಚೀಟಿಯೊಂದು ಅಂಟಿಕೊಂಡಿದೆ. ಕಿಟಕಿಗೆ ‘ಕಿಟಕಿ’, ಕುರ್ಚಿಗೆ ‘ಕುರ್ಚಿ’, ಗೋಡೆಯ ಗಡಿಯಾರದ ಕೆಳಗೆ ‘ಗಡಿಯಾರ’. ಮೊದಲ ಸಲ ಬಂದವರು ಓದಿ, ನನ್ನ ಮುಖ ನೋಡಿ, ‘ಮನೇಲಿ ಚಿಕ್ಕ ಮಕ್ಕಳಿದಾವಾ?’ ಎಂದು ಕೇಳುತ್ತಾರೆ. ಇಲ್ಲ, ಇರುವವರು ಇಬ್ಬರೇ, ಇಬ್ಬರೂ ಅರವತ್ತು ದಾಟಿದವರು ಎನ್ನುತ್ತೇನೆ. ಆಮೇಲೆ ಅವರು ಮತ್ತೇನೂ ಕೇಳುವುದಿಲ್ಲ. ಒಳಕೋಣೆಯ ಮಂಚ ಅಷ್ಟು ಹೊತ್ತಿಗೆ ಅವರ ಕಣ್ಣಿಗೆ ಬಿದ್ದಿರುತ್ತದೆ.

ಹತ್ತಿರ ಹೋದರೆ ಅದೇ ಬಾಗಿಲಿನ ಮೂಲೆಯಲ್ಲಿ ಇನ್ನೊಂದು ಚೀಟಿ ಕಾಣುತ್ತದೆ. ಅದು ಬಿಳಿಯದು, ಅಚ್ಚಿನ ಅಕ್ಷರದ್ದು: ‘ಮೇಲೆ ಹಾಲು, ಮೊಸರು, ದೋಸೆ ಹಿಟ್ಟು. ಕೆಳಗೆ ತರಕಾರಿ.’ ಬಿಳಿ ಚೀಟಿಗಳು ಮೊದಲು ಬಂದವು, ಹಳದಿಯವು ಆಮೇಲೆ. ಬಿಳಿಯವನ್ನು ಅಂಟಿಸುವಾಗ ನಾನು ಬಹಳ ಉತ್ಸಾಹದಲ್ಲಿದ್ದೆ. ಹಳದಿಯವನ್ನು ಅಂಟಿಸುವಾಗ ಗೋಂದು ಕೈಗೆ ಮೆತ್ತಿಕೊಂಡು ಎಲ್ಲ ಚೀಟಿಗಳೂ ಸೊಟ್ಟಗಾದವು. ಸೊಟ್ಟಗಿರುವುದನ್ನು ಕಂಡರೆ ಕೈ ತುರಿಸುವ ನನಗೆ ಅವನ್ನು ಸರಿ ಮಾಡಬೇಕೆಂದು ಇದುವರೆಗೆ ಅನಿಸಿಲ್ಲ.

ನಾನು ಹುಡುಕುವವಳು. ಹುಟ್ಟಿದಾಗಿನಿಂದ ಏನನ್ನಾದರೂ ಹುಡುಕುತ್ತಲೇ ಇದ್ದೇನೆ. ರಾಜಾಜಿನಗರದ ಒಂದು ಕಾಲೇಜಿನಲ್ಲಿ ಚರಿತ್ರೆ ಪಾಠ ಹೇಳುತ್ತಿದ್ದ ಅಷ್ಟೂ ವರ್ಷ ಬೆಳಗಿನ ನನ್ನ ಬದುಕು ಒಂದೇ ರೀತಿ ಶುರುವಾಗುತ್ತಿತ್ತು. ಕನ್ನಡಕ ಎಲ್ಲಿ, ಬೀಗದ ಕೈ ಎಲ್ಲಿ, ಬಸ್ ಪಾಸ್ ಎಲ್ಲಿ, ತಿದ್ದಿದ ಪರೀಕ್ಷೆ ಪೇಪರಿನ ಕಟ್ಟು ಎಲ್ಲಿ. ಅಡುಗೆಮನೆಯಿಂದ ಅಕ್ಕನ ಉತ್ತರವೂ ಒಂದೇ ರೀತಿ ಬರುತ್ತಿತ್ತು.

“ಅಲ್ಲೇ ಐತೆ ನೋಡೇ.”

“ಅಲ್ಲೇ ಅಂದ್ರೆ ಎಲ್ಲಿ?”

“ಅಲ್ಲೇ ಕಣೇ! ಕಣ್ಣು ಬಿಟ್ಕೊಂಡ್ ನೋಡು.”

“ನೋಡ್ದೆ, ಇಲ್ಲ.”

ಆಗ ಅಕ್ಕ ಒಗ್ಗರಣೆ ಸೌಟು ಹಿಡಿದುಕೊಂಡೇ ಬರುವಳು. ನಾನು ನೋಡಿ ಮುಗಿಸಿದ ಜಾಗದಲ್ಲೇ, ನಾನು ಎತ್ತಿ ಇಟ್ಟ ಪುಸ್ತಕದ ಕೆಳಗೇ ಕನ್ನಡಕ ಇರುವುದು. “ಎಂ.ಎ. ಓದಿದಾಳಂತೆ” ಎಂದು ಗೋಡೆಗೆ ಹೇಳಿ ಒಳಗೆ ಹೋಗುವಳು. ಅವಳ ‘ಐತೆ’ಯನ್ನು ನಾನು ತಿದ್ದಲು ನೋಡಿದ್ದುಂಟು. ಪಾಠ ಹೇಳುವವರ ಮನೆಯಲ್ಲಿ ‘ಇದೆ’ ಅನ್ನಬೇಕು ಎಂದರೆ, “ಇದೆ ಅಂತ ಹುಡುಕಿದ್ರೆ ನಿಂಗೆ ಸಿಗುತ್ತಾ? ಐತೆ ಅಂದ್ರೇನೇ ನಂಗೆ ಸಿಗೋದು” ಎನ್ನುವಳು.

ಅಕ್ಕ ಎಂದರೆ ಜಯಮ್ಮ, ನನಗಿಂತ ಆರು ವರ್ಷ ದೊಡ್ಡವಳು. ಭಾವ ಬೇಗ ತೀರಿಕೊಂಡ ಮೇಲೆ ವಿಜಯನಗರದ ಈ ಮನೆಗೆ ಬಂದಳು. ಮೈಸೂರು ರಸ್ತೆಯ ಗಾರ್ಮೆಂಟ್ಸಿನಲ್ಲಿ ವರ್ಷಾನುಗಟ್ಟಲೆ ಕಾಲರ್ ಹೊಲಿದಳು. ನಾನು ಮದುವೆಯಾಗಲಿಲ್ಲ. ಅದಕ್ಕೆ ದೊಡ್ಡ ಕಾರಣವೇನಿಲ್ಲ, ಅಥವಾ ಇದ್ದ ಕಾರಣ ಈಗ ನನಗೆ ಸರಿಯಾಗಿ ನೆನಪಿಲ್ಲ. ಹೀಗೆ ಇಬ್ಬರೂ ಒಂದೇ ಸೂರಿನಡಿ ಮುದುಕಿಯರಾದೆವು.

ವಸ್ತುಗಳನ್ನಿಡಲು ಅಕ್ಕನದೇ ಒಂದು ಪದ್ಧತಿ ಇತ್ತು. ಹೊರಗಿನವರಿಗೆ ಅದು ಅವ್ಯವಸ್ಥೆಯಂತೆ ಕಾಣುತ್ತಿತ್ತು. ರೇಷನ್ ಕಾರ್ಡು ಅಕ್ಕಿ ಡಬ್ಬದಲ್ಲಿ ಇರುತ್ತಿತ್ತು, ಅಕ್ಕಿ ಖಾಲಿಯಾದಾಗ ಕಾರ್ಡು ತಾನಾಗಿ ಕೈಗೆ ಸಿಗಲಿ ಎಂದು. ಕರೆಂಟ್ ಬಿಲ್ಲುಗಳು ಮೀಟರ್ ಪಕ್ಕದ ತಂತಿ ಕೊಕ್ಕೆಗೆ ಚುಚ್ಚಿಕೊಂಡಿರುತ್ತಿದ್ದವು. ಮನೆ ಪತ್ರ ಅಮ್ಮನ ಧಾರೆ ಸೀರೆಯ ಮಡಿಕೆಯಲ್ಲಿತ್ತು. “ಕಳ್ಳ ಬಂದ್ರೆ ಟಿ.ವಿ. ತಗೊಂಡೋಗ್ತಾನೆ, ಹಳೇ ಸೀರೆ ಯಾಕ್ ಮುಟ್ತಾನೆ?” ಎನ್ನುವುದು ಅವಳ ವಾದ. ಕತ್ತರಿ ಕ್ಯಾಲೆಂಡರಿನ ಹಿಂದೆ ನೇತಾಡುತ್ತಿತ್ತು. ವೈದ್ಯರ ಚೀಟಿಗಳು ದೇವರ ಪಟದ ಹಿಂದೆ ಸೇರುತ್ತಿದ್ದವು, ಯಾಕೆಂದು ನಾನು ಕೇಳಲಿಲ್ಲ. ಆಯುಧ ಪೂಜೆಯ ದಿನ ಮಾತ್ರ ಇವೆಲ್ಲ ಹೊರಗೆ ಬರುತ್ತಿದ್ದವು. ಬೇರೆಯವರ ಮನೆಯಲ್ಲಿ ಸ್ಕೂಟರು, ಮಿಕ್ಸಿ, ಈಳಿಗೆಮಣೆಗೆ ಪೂಜೆಯಾದರೆ ನಮ್ಮಲ್ಲಿ ಅವುಗಳ ಜೊತೆಗೆ ಕಾಗದಗಳಿಗೂ ಆಗುತ್ತಿತ್ತು. ಮನೆ ಪತ್ರದ ಮೇಲೆ, ರೇಷನ್ ಕಾರ್ಡಿನ ಮೇಲೆ, ನನ್ನ ಎಂ.ಎ. ಪದವಿ ಪತ್ರದ ಮೇಲೆ ಸಹ ಅರಿಶಿನ ಕುಂಕುಮದ ಬೊಟ್ಟು. ವಿಶ್ವವಿದ್ಯಾಲಯದ ಮುದ್ರೆಯ ಮೇಲೆಯೇ ಸರಿಯಾಗಿ ಕುಂಕುಮ ಬಿದ್ದದ್ದಕ್ಕೆ ನಾನು ಒಂದು ವಾರ ಮಾತು ಬಿಟ್ಟಿದ್ದೆ. “ನೀನು ಓದಿದ್ದೂ ಒಂದು ಆಯುಧ ಅಲ್ವೇನೇ?” ಎಂದಳು. ನಿಜವಾಗಿ ಹಾಗೆಂದಳೋ, ಅಥವಾ ಈಗ ಬರೆಯುವಾಗ ಚೆನ್ನಾಗಿ ಕೇಳುತ್ತದೆಂದು ನಾನೇ ಸೇರಿಸುತ್ತಿದ್ದೇನೋ ಹೇಳಲಾರೆ.

ಈ ಅನುಮಾನ ನನಗೆ ಹೊಸದಲ್ಲ. ತರಗತಿಯಲ್ಲಿ ಮಕ್ಕಳಿಗೆ ಪ್ರತಿವರ್ಷವೂ ಹೇಳುತ್ತಿದ್ದೆ: ಒಬ್ಬ ಸಾಕ್ಷಿಯ ಮಾತನ್ನು ನಂಬಬೇಡಿ, ಇನ್ನೊಬ್ಬ ಸಾಕ್ಷಿಯನ್ನು ಹುಡುಕಿ. ನನ್ನ ಬದುಕಿನ ಆ ಇನ್ನೊಬ್ಬ ಸಾಕ್ಷಿ ಅಕ್ಕ.

ಒಂದು ಉದಾಹರಣೆ ಹೇಳುತ್ತೇನೆ. ನಾವು ಹುಟ್ಟಿ ಬೆಳೆದದ್ದು ಬಿನ್ನಿಪೇಟೆಯಲ್ಲಿ, ಮಿಲ್ಲಿನ ಕೆಲಸಗಾರರ ಸಾಲುಮನೆಯಲ್ಲಿ. ಒಂದೇ ಕೋಣೆ. ಅದರಲ್ಲೇ ಒಲೆ, ಅದರಲ್ಲೇ ಹಾಸಿಗೆ, ಅದರಲ್ಲೇ ಅಪ್ಪನ ಸೈಕಲ್ಲು. ಮಿಲ್ಲಿನ ಸೈರನ್ ಕೂಗಿದರೆ ಅಪ್ಪ ಹೋಗುವ ಹೊತ್ತು, ಇನ್ನೊಮ್ಮೆ ಕೂಗಿದರೆ ಪಕ್ಕದ ಮನೆಯವರು ಬರುವ ಹೊತ್ತು. ಅಪ್ಪನ ಬಟ್ಟೆಯಿಂದ ಹತ್ತಿಯ ಧೂಳು ಉದುರುತ್ತಿತ್ತು. ಅಮ್ಮ ಅದನ್ನು ಬಾಗಿಲಾಚೆ ಕೊಡವಿಸದೆ ಒಳಗೆ ಬಿಡುತ್ತಿರಲಿಲ್ಲ. ಸಂಜೆ ಕರೆಂಟ್ ಹೋಗುವುದು ಮಾಮೂಲು. ಅಮ್ಮ ಬೀದಿ ನಲ್ಲಿಯ ಸಾಲಿನಲ್ಲಿ, ಅಪ್ಪ ಪಾಳಿಯಲ್ಲಿ. ಕತ್ತಲಲ್ಲಿ ನಾವಿಬ್ಬರೇ. ನಾನು ಅಳುತ್ತಿದ್ದೆ. ಆಗ ಅಕ್ಕ ಗೋಡೆಯ ಗೂಡಿಗೆ ಕೈಹಾಕಿ, ಒಂದು ಸಲವೂ ತಡವರಿಸದೆ ಬೆಂಕಿಪೊಟ್ಟಣ ತೆಗೆದು ಗೀರುತ್ತಿದ್ದಳು. ಅವಳ ಮುಖ ಫಕ್ಕನೆ ಬೆಳಗುತ್ತಿತ್ತು. ವಸ್ತುವಿಗೊಂದು ಜಾಗ ಇರಬೇಕು ಎನ್ನುವುದನ್ನು ನಾನು ಕಲಿತದ್ದೇ ಆ ಗೂಡಿನಿಂದ ಎಂದು ಬೀಳ್ಕೊಡುಗೆ ಸಮಾರಂಭವೊಂದರಲ್ಲಿ ಭಾಷಣವನ್ನೂ ಮಾಡಿದ್ದೆ.

ಮನೆಗೆ ಬಂದು ಭಾಷಣವನ್ನು ಅಕ್ಕನಿಗೆ ಒಪ್ಪಿಸಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು.

“ಗೂಡಾ? ಆ ಮನೇಲಿ ಗೂಡೆಲ್ಲಿತ್ತೇ? ಗೋಡೆ ಪೂರ್ತಿ ಸೀದಾ ಇತ್ತು.”

“ಇತ್ತು ಅಕ್ಕ. ಒಲೆ ಮೇಲೆ, ಎಡಗಡೆ.”

“ಅದು ಚಿಕ್ಕಮ್ಮನ ಮನೇದು. ನಮ್ಮನೇಲಿ ಇರ್ಲಿಲ್ಲ.”

“ಹಾಗಾದ್ರೆ ಬೆಂಕಿಪೊಟ್ಣ ಎಲ್ಲಿರ್ತಿತ್ತು?”

“ನನ್ನ ಲಂಗದ ಜೇಬಲ್ಲಿ. ಅಮ್ಮ ಒಳಗಡೆ ಜೇಬು ಹೊಲಿದಿದ್ಲಲ್ಲ. ಕೈಲಿ ಇಟ್ಕೊಂಡೇ ಸುಮ್ನೆ ಗೋಡೆ ತಡಕ್ತಾ ಇದ್ದೆ. ‘ಎಲ್ಲಿ ಐತೆ, ಎಲ್ಲಿ ಐತೆ’ ಅಂತ ಇಬ್ರೂ ಹುಡುಕೋದು. ಹುಡುಕ್ತಾ ಇದ್ರೆ ನೀನು ಅಳು ನಿಲ್ಲಿಸ್ತಿದ್ದೆ.”

ನನ್ನ ನೆನಪಿನಲ್ಲಿ ಅವಳು ತಡವರಿಸುತ್ತಲೇ ಇರಲಿಲ್ಲ. ಅವಳ ನೆನಪಿನಲ್ಲಿ ಬೇಕೆಂದೇ ತಡವರಿಸುತ್ತಿದ್ದಳು. ಇಬ್ಬರಲ್ಲಿ ಯಾರದು ಸರಿ? ಸಾಲುಮನೆ ಈಗ ಇಲ್ಲ. ಆ ಜಾಗದಲ್ಲಿ ಎತ್ತರದ ಕಟ್ಟಡಗಳೆದ್ದಿವೆ, ಗೋಡೆಯಲ್ಲಿ ಗೂಡಿತ್ತೋ ಇಲ್ಲವೋ ಎಂದು ಹೋಗಿ ನೋಡಲು ಗೋಡೆಯೇ ಇಲ್ಲ. ಅಂದು ಡೈರಿಯಲ್ಲಿ ‘ಗೂಡಿನ ವಿಚಾರ. ಅಕ್ಕ ಒಪ್ಪಲಿಲ್ಲ’ ಎಂದು ಬರೆದು ಮಲಗಿದೆ.

ಡೈರಿ ಬರೆಯುವ ಅಭ್ಯಾಸ ನನಗೆ ಕಾಲೇಜಿನ ದಿನಗಳಿಂದ ಇದೆ. ದೊಡ್ಡ ಚಿಂತನೆಗಳೇನೂ ಅದರಲ್ಲಿಲ್ಲ. ‘ಕನ್ನಡಕ ಕಳೆದಿತ್ತು. ಸಿಕ್ಕಿತು.’ ‘ಛತ್ರಿ ಕಳೆದಿತ್ತು. ಸಿಕ್ಕಿತು.’ ‘ಮೋಡ.’ ಯಾರು ಹುಡುಕಿಕೊಟ್ಟರು ಎಂದು ಒಂದು ಕಡೆಯೂ ಬರೆದಿಲ್ಲ. ಉಸಿರಾಟದ ಬಗ್ಗೆ ಯಾರಾದರೂ ಡೈರಿಯಲ್ಲಿ ಬರೆಯುತ್ತಾರೆಯೇ?

ನಿವೃತ್ತಿಯಾದ ಮೇಲೆ ನನಗೆ ಬಿಳಿ ಚೀಟಿಯ ಹುಚ್ಚು ಹಿಡಿಯಿತು. ಬದುಕಿನ ಎಷ್ಟು ಹೊತ್ತನ್ನು ಹುಡುಕಾಟದಲ್ಲೇ ಕಳೆದೆನಲ್ಲ, ಉಳಿದದ್ದನ್ನಾದರೂ ಉಳಿಸಿಕೊಳ್ಳೋಣ ಎನಿಸಿತು. ಮೊಬೈಲಿನಲ್ಲಿ ಮನೆ ಜೋಡಿಸುವ ವಿಡಿಯೋಗಳನ್ನು ನೋಡಿದೆ. ಅವುಗಳಲ್ಲಿ ಯಾರ ಮನೆಯಲ್ಲೂ ಹಳೆಯ ಪ್ಲಾಸ್ಟಿಕ್ ಕವರಿನೊಳಗೆ ತುರುಕಿದ ಇನ್ನಷ್ಟು ಪ್ಲಾಸ್ಟಿಕ್ ಕವರುಗಳಿರಲಿಲ್ಲ. ಪಾರದರ್ಶಕ ಡಬ್ಬಗಳನ್ನು ತಂದೆ, ಬಣ್ಣಬಣ್ಣದ ಫೈಲುಗಳನ್ನು ತಂದೆ. ಆಸ್ಪತ್ರೆಗೆ ಕೆಂಪು, ಮನೆಗೆ ಹಸಿರು, ಪಿಂಚಣಿಗೆ ನೀಲಿ. ಲೇಬಲ್ ಅಚ್ಚುಹಾಕುವ ಒಂದು ಪುಟ್ಟ ಯಂತ್ರವನ್ನೂ ತರಿಸಿದೆ. ಅಕ್ಕಿ ಡಬ್ಬದಿಂದ ರೇಷನ್ ಕಾರ್ಡು, ಸೀರೆಯಿಂದ ಮನೆ ಪತ್ರ, ದೇವರ ಹಿಂದಿನಿಂದ ವೈದ್ಯರ ಚೀಟಿ, ಎಲ್ಲವೂ ತಮ್ಮ ತಮ್ಮ ಫೈಲು ಸೇರಿದವು. ಕುಂಕುಮದ ಕಲೆ ಬೇರೆ ಕಾಗದಕ್ಕೆ ತಾಗದಂತೆ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟೆ.

ಅಕ್ಕ ಮಂಚದ ಮೇಲೆ ಕೂತು ನೋಡುತ್ತಿದ್ದಳು.

“ಡಬ್ಬಕ್ಕೆ ಓದಕ್ಕೆ ಬರುತ್ತೇನೇ?”

“ನಮಗೆ ಬರುತ್ತಲ್ಲ.”

“ಮೆಂತ್ಯ ಮೆಂತ್ಯದ ಥರಾನೇ ಕಾಣ್ತದೆ. ಅದರ ಮೇಲೆ ಮೆಂತ್ಯ ಅಂತ ಯಾಕೆ ಬರೀಬೇಕು?”

“ಟೈಮ್ ಉಳಿಯುತ್ತೆ ಅಕ್ಕ.”

“ಉಳಿದಿದ್ದನ್ನ ಯಾವ ಡಬ್ಬಕ್ಕೆ ಹಾಕ್ತೀಯ?”

ಪಕ್ಕದ ಮನೆಯ ರತ್ನಮ್ಮ ಕಾಫಿಪುಡಿ ಕೇಳಲು ಬಂದವರು ಅಡುಗೆಮನೆ ನೋಡಿ, “ಅಯ್ಯೋ, ಮೆಡಿಕಲ್ ಶಾಪ್ ಇದ್ದಂಗಿದೆ ಕಣ್ರೀ” ಎಂದರು. ಅಕ್ಕನಿಗೆ ಅಷ್ಟೇ ಸಾಕಾಯಿತು. “ನನ್ನ ಹಣೆ ಮೇಲೂ ಒಂದು ಅಂಟಿಸಿಬಿಡು ಸುಮಿ, ‘ಅಕ್ಕ’ ಅಂತ. ನಾಳೆ ಮರ್ತುಗಿರ್ತೀಯ” ಎಂದಳು. ಮೂವರೂ ನಕ್ಕೆವು. ಆಮೇಲೆ ಅವಳು ಯಾವ ಗಲಾಟೆಯೂ ಇಲ್ಲದೆ ‘ಮೆಂತ್ಯ’ದ ಡಬ್ಬಕ್ಕೆ ಸಾಸಿವೆ ಸುರಿದು, ‘ಸಾಸಿವೆ’ಯ ಡಬ್ಬವನ್ನು ಖಾಲಿ ಬಿಟ್ಟಳು. ಅದು ಅವಳ ಪ್ರತಿಭಟನೆ.

ಆದರೂ ಸಮಯ ಉಳಿಯಿತು. ಒಪ್ಪಿಕೊಳ್ಳಲೇಬೇಕು. ಕನ್ನಡಕಕ್ಕೆ ಬಾಗಿಲ ಪಕ್ಕ ತಟ್ಟೆ, ಬೀಗದ ಕೈಗೆ ಕೊಕ್ಕೆ. ಬೆಳಗಿನ ಹೊತ್ತು ನಾನು ಯಾರನ್ನೂ ಏನನ್ನೂ ಕೇಳಬೇಕಾಗಿರಲಿಲ್ಲ. ಉಳಿದ ಸಮಯದಲ್ಲಿ ಮನೆ ಜೋಡಿಸುವ ಇನ್ನಷ್ಟು ವಿಡಿಯೋ ನೋಡಿದೆ. ಅಡುಗೆಮನೆಯಿಂದ ‘ಅಲ್ಲೇ ಐತೆ ನೋಡೇ’ ಕೇಳದೆ ಎಷ್ಟು ದಿನವಾಯಿತು ಎನ್ನುವುದು ಆಗ ಗಮನಕ್ಕೆ ಬಂದಿತ್ತೇ? ಡೈರಿಯಲ್ಲಿಲ್ಲ. ಡೈರಿಯಲ್ಲಿ ಆ ತಿಂಗಳುಗಳು ಬಹಳ ಚೊಕ್ಕಟವಾಗಿವೆ, ಬರೀ ಮೋಡ ಮತ್ತು ಬಿಸಿಲು.

ಅಕ್ಕ ಒಂದು ಬೆಳಗ್ಗೆ ಬಚ್ಚಲಿನ ಬಾಗಿಲಲ್ಲಿ ಕುಸಿದಳು. ಬಾಯಿ ಒಂದು ಕಡೆಗೆ ಎಳೆದಿತ್ತು. ರತ್ನಮ್ಮನ ಮನೆಯವರು ಆಟೋ ತಂದರು. ನಾನು ಕಪಾಟಿನ ಬಾಗಿಲು ತೆಗೆದೆ, ಕೆಂಪು ಫೈಲು ಎಳೆದುಕೊಂಡೆ, ಹೊರಟೆ. ಆಧಾರ್, ವಿಮೆಯ ಕಾಗದ, ಹಳೆಯ ರಕ್ತಪರೀಕ್ಷೆ, ಮಾತ್ರೆಗಳ ವಿವರ ಎಲ್ಲವೂ ಒಂದರ ಹಿಂದೆ ಒಂದು. ಆಸ್ಪತ್ರೆಯ ಕೌಂಟರಿನಲ್ಲಿದ್ದ ಹೆಂಗಸು ಕೇಳುವ ಮೊದಲೇ ಕಾಗದ ಕೊಡುತ್ತಿದ್ದೆ.

“ಮೇಡಂ, ಎಲ್ರೂ ಹಿಂಗೆ ಇಟ್ಕೊಂಡಿದ್ರೆ ನಮ್ಗೆ ಎಷ್ಟು ಆರಾಮ ಗೊತ್ತಾ?” ಎಂದಳು.

ನನಗೆ ಖುಷಿಯಾಯಿತು. ಹಿಂದೆ ಗಾಲಿಮಂಚದ ಮೇಲೆ ಅಕ್ಕ ಇದ್ದಳು, ಮುಂದೆ ನಿಂತು ನನಗೆ ಒಂದು ಕ್ಷಣ ಖುಷಿಯಾಯಿತು. ಇದನ್ನು ಡೈರಿಯಲ್ಲಿ ಬರೆದಿದ್ದೇನೆ, ಮುಂದೆ ಯಾವತ್ತೋ ‘ಹಾಗಾಗಿರಲಿಲ್ಲ’ ಎಂದು ನನಗೆ ನಾನೇ ಹೇಳಿಕೊಳ್ಳಬಾರದೆಂದು.

ಜೀವ ಉಳಿಯಿತು. ಬಲಗೈ ಮತ್ತು ಬಲಗಾಲು ಸೋತವು. ಮಾತು ಹೋಯಿತು. ಪೂರ್ತಿ ಹೋಯಿತು ಎಂದುಕೊಂಡಿದ್ದಾಗ, ಮನೆಗೆ ಕರೆತಂದ ಮಧ್ಯಾಹ್ನ, ಗಂಜಿ ಕುಡಿಸುತ್ತಿದ್ದ ನನ್ನ ಕೈ ತಡೆದು ಅಕ್ಕ ಸ್ಪಷ್ಟವಾಗಿ ಹೇಳಿದಳು: “ಅಲ್ಲೇ.”

ನಾನು ಚಮಚ ಬಿಟ್ಟು ಅತ್ತುಬಿಟ್ಟೆ, ಮಾತು ಬಂತೆಂದು. ಏನು ಅಕ್ಕ, ಗಂಜಿ ಬಿಸಿಯಾ? “ಅಲ್ಲೇ.” ಉಪ್ಪು ಬೇಕಾ? “ಅಲ್ಲೇ.” ನಾನು ಯಾರು ಹೇಳು? “ಅಲ್ಲೇ.” ನಾನು ಮೆಲ್ಲನೆ ಅಳು ನಿಲ್ಲಿಸಿದೆ. ಮೆದುಳಿಗೆ ಪೆಟ್ಟಾದ ಕೆಲವರಲ್ಲಿ ಹೀಗೆ ಒಂದೇ ಮಾತು ಉಳಿದುಬಿಡುತ್ತದಂತೆ. ವೈದ್ಯರು ಹಾಗೆಂದರು. ಹೇಳಬೇಕೆಂದದ್ದೆಲ್ಲ ಆ ಒಂದೇ ಬಾಗಿಲಿನಿಂದ ಹೊರಗೆ ಬರುತ್ತದೆ. ಯಾವ ಮಾತು ಉಳಿಯುತ್ತದೆ ಎನ್ನುವುದಕ್ಕೆ ಕಾರಣ ಯಾರಿಗೂ ಸರಿಯಾಗಿ ಗೊತ್ತಿಲ್ಲ. ನನಗೆ ಗೊತ್ತು ಎಂದು ಹೇಳಬೇಕೆನಿಸಿತು.

ಹಸಿವಿಗೆ ಅಲ್ಲೇ, ನೋವಿಗೆ ಅಲ್ಲೇ. ಮೆಟ್ರೋ ರೈಲು ದೂರದಲ್ಲಿ ಹಾದುಹೋದ ಸದ್ದಿಗೂ ಅಲ್ಲೇ. ಸ್ವರದ ಏರಿಳಿತದಿಂದ ನಾನು ಕೆಲವನ್ನು ಊಹಿಸಲು ಕಲಿತೆ. ಗೂಡಿತ್ತೇ ಇಲ್ಲವೇ ಎಂದು ಮಾತ್ರ ಇನ್ನು ಕೇಳುವ ಹಾಗಿಲ್ಲ. ಇನ್ನು ಮೇಲೆ ಬಿನ್ನಿಪೇಟೆಯ ಬಗ್ಗೆ ನಾನು ಏನು ಹೇಳಿದರೂ ಅದೇ ಸತ್ಯ. ಇತ್ತು ಎಂದರೆ ಇತ್ತು. ಇಷ್ಟು ಕೆಟ್ಟ ಸ್ವಾತಂತ್ರ್ಯ ಯಾರಿಗೂ ಬೇಡ.

ಮಾತಿನ ಥೆರಪಿಗೆ ಶಿಲ್ಪಾ ಎಂಬ ಹುಡುಗಿ ಬರುತ್ತಾಳೆ. ಗದಗಿನ ಕಡೆಯವಳು. ಲಗ್ಗೆರೆಯಲ್ಲಿ ಗೆಳತಿಯರ ಜೊತೆ ಕೋಣೆ ಮಾಡಿಕೊಂಡಿದ್ದಾಳೆ, ಸ್ಕೂಟಿಯಲ್ಲಿ ಬರುತ್ತಾಳೆ. ಹಳದಿ ಚೀಟಿಗಳನ್ನು ಅಂಟಿಸಲು ಹೇಳಿದವಳು ಅವಳೇ. “ಕಣ್ಣಿಗೆ ಬಿದ್ದಂಗೆಲ್ಲಾ ಹೆಸರು ಹೇಳಿ ತೋರಸ್ರಿ. ಒಂದ್ ಹೆಸರು ಹೊಳ್ಳಿ ಬಂತಂದ್ರ, ಅದರ ಬೆನ್ನಹತ್ತಿ ಮತ್ತೊಂದು ಬರತೈತ್ರಿ.” ಒಂದು ಹೆಸರು. ಅಂದಿನಿಂದ ಈ ಮನೆಯಲ್ಲಿ ನಾವು ಕಾಯುತ್ತಿರುವುದು ಆ ಎರಡನೆಯ ಮಾತಿಗಾಗಿ. ‘ನೀರು’ ಆದರೂ ಆದೀತು, ‘ಸುಮಿ’ ಆದರೂ ಆದೀತು.

ಅಕ್ಕನಿಗೆ ಕಷ್ಟವಾಗಬಾರದೆಂದು ನಾನು ಮಂಚದ ಪಕ್ಕ ಒಂದು ಮೇಜು ಸಿದ್ಧಮಾಡಿದ್ದೆ. ನನ್ನ ಜೀವಮಾನದ ಅತ್ಯುತ್ತಮ ಜೋಡಣೆ ಅದು. ಎಡಗೈಗೆ ಎಟಕುವಂತೆ ನೀರಿನ ಲೋಟ, ಕನ್ನಡಕ, ರಿಮೋಟು, ಬಾಚಣಿಗೆ, ಒರೆಸುವ ಬಟ್ಟೆ, ವಿಭೂತಿ. ಪ್ರತಿಯೊಂದಕ್ಕೂ ಒಂದು ಪುಟ್ಟ ಖಾನೆ. ಕಾಫಿಯ ಹೊತ್ತಿಗೆ ಕಾಫಿ, ಮಾತ್ರೆಯ ಹೊತ್ತಿಗೆ ಮಾತ್ರೆ. ಅಕ್ಕ ಬೆರಳೆತ್ತುವ ಮೊದಲೇ ವಸ್ತು ಅವಳ ಮುಂದೆ ಇರುತ್ತಿತ್ತು.

ಶಿಲ್ಪಾ ಕೆಲವು ವಾರ ಇದನ್ನೆಲ್ಲ ನೋಡಿದಳು. ಒಂದು ದಿನ ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತ, ಹೇಳಲೋ ಬೇಡವೋ ಎನ್ನುವಂತೆ ನಿಂತಳು.

“ಮೇಡಂ, ಬ್ಯಾಸರಾ ಮಾಡ್ಕೋಬ್ಯಾಡ್ರಿ. ಮನೀ ಭಾಳ ಚಂದ ಇಟ್ಟೀರಿ. ಖರೇ ಹೇಳ್ತೀನಿ, ಇಷ್ಟು ಚಂದ ಇಡಬ್ಯಾಡ್ರಿ.”

“ಅಂದ್ರೆ?”

“ಎಲ್ಲಾ ಕೈಗೇ ಇಟ್ ಕೊಟ್ರ, ಅವರು ಬಾಯಿ ಯಾಕ ತಗೀತಾರ ಹೇಳ್ರಿ? ನೀರು ಒಂದೀಟ ದೂರ ಇಡ್ರಿ. ಕಾಫಿ ಕೊಡ್ರಿ, ಸಕ್ರಿ ಹಾಕ್ಬ್ಯಾಡ್ರಿ. ಚಾದರ ಕೊಡೂ ಬದ್ಲಿ ಟಾವೆಲ್ ಕೊಡ್ರಿ. ತಪ್ ಮಾಡ್ರಿ. ಸಿಟ್ಟಿಗೆದ್ದು ಬೈಲಿ ನಿಮಗ.”

“ಅವಳಿಗೆ ಕಷ್ಟ ಆಗುತ್ತಲ್ಲಮ್ಮ.”

“ಆಗತೈತ್ರಿ,” ಎಂದಳು. ಸ್ಕೂಟಿ ಹತ್ತಿದಳು.

ಒಂದು ಮನೆಯನ್ನು ಜೋಡಿಸುವುದಕ್ಕಿಂತ ಕಷ್ಟ, ಜೋಡಿಸಿದ್ದನ್ನು ಬೇಕೆಂದೇ ಕೆಡಿಸುವುದು. ಮೇಜಿನ ಖಾನೆಗಳನ್ನು ಖಾಲಿ ಮಾಡಿದೆ. ನೀರಿನ ಬಾಟಲಿಯನ್ನು ಟಿ.ವಿ. ಪಕ್ಕ ಇಟ್ಟೆ, ಕಾಣುವಂತೆ, ಎಟಕದಂತೆ. ತಿಂಡಿಯಾದ ಮೇಲೆ ಅಕ್ಕ ಮೇಜಿನ ಕಡೆ ಕೈಚಾಚಿದಳು. ಖಾಲಿ ಜಾಗವನ್ನು ಸವರಿದಳು. ಆಮೇಲೆ ಬಾಟಲಿ ನೋಡಿದಳು, ನನ್ನನ್ನು ನೋಡಿದಳು.

“ಅಲ್ಲೇ.”

“ಏನು ಬೇಕು ಅಕ್ಕ?”

“ಅಲ್ಲೇ.”

“ಹೆಸರು ಹೇಳು. ನೀ...”

ತುಟಿ ಅಗಲವಾಯಿತು. ನಾಲಗೆ ಮೇಲಕ್ಕೆ ಹೋಯಿತು. ಹಣೆಯ ನರ ಉಬ್ಬಿತು. ಆ ಸದ್ದು ಎಲ್ಲೋ ಒಳಗಿನಿಂದ ಏಳುತ್ತಿದೆ ಎನಿಸಿತು. ಹೊರಗೆ ಬಂದದ್ದು ‘ಅಲ್ಲೇ’.

“ನೀ... ನೀ... ನೀರು. ಹೇಳಕ್ಕ.”

ಅವಳು ಎಡಗೈಯಿಂದ ತಟ್ಟೆಯನ್ನು ನೆಲಕ್ಕೆ ತಳ್ಳಿದಳು. ಸ್ಟೀಲು ತಟ್ಟೆ ಗಿರಗಿರ ತಿರುಗಿ ನಿಲ್ಲುವವರೆಗೂ ಇಬ್ಬರೂ ಅದನ್ನೇ ನೋಡಿದೆವು. ಮತ್ತೆ ಅವಳು ನನ್ನ ಕಡೆ ತಿರುಗಿದಾಗ ಕಣ್ಣಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು. ಬಾಗಿಲಿಗೆ ಬಂದ ಅಪರಿಚಿತರನ್ನು ನೋಡುವ ನೋಟ ಅದು. ಬಾಟಲಿ ತಂದು ಬಾಯಿಗೆ ಹಿಡಿದೆ. ಅರ್ಧ ನೀರು ಗಲ್ಲದಿಂದ ಇಳಿದು ಕುತ್ತಿಗೆಯ ಕೆಳಗೆ ಹೋಯಿತು.

ಅಂದಿನ ಡೈರಿ: ‘ನೀರು. ಬರಲಿಲ್ಲ.’ ಮರುದಿನ: ‘ಸಕ್ಕರೆ. ಬರಲಿಲ್ಲ.’ ಇಂಥ ಸಾಲುಗಳು ಬಹಳ ಇವೆ.

ಅಷ್ಟು ದಿನ ಮನೆ ಕೆಡಿಸಿದ್ದರ ಫಲ ನನಗೂ ತಟ್ಟಿತು. ಒಂದು ಮಧ್ಯಾಹ್ನ ಅಕ್ಕನ ಪಿಂಚಣಿಗಾಗಿ, ಆಕೆ ಬದುಕಿದ್ದಾಳೆಂದು ತೋರಿಸುವ ಪ್ರಮಾಣಪತ್ರದ ಕೆಲಸಕ್ಕೆ ಹೊರಡಬೇಕಿತ್ತು. ನೋಡಿಕೊಳ್ಳಲು ರತ್ನಮ್ಮ ಬಂದು ಕೂತಿದ್ದರು. ನೀಲಿ ಫೈಲು ಸಿಕ್ಕಿತು. ರತ್ನಮ್ಮನ ಕೈಗೆ ಕೊಟ್ಟು ಹೋಗಬೇಕಿದ್ದ ಬೀಗದ ಕೈ ಕೊಕ್ಕೆಯಲ್ಲಿರಲಿಲ್ಲ. ಚೀಲದಲ್ಲಿಲ್ಲ, ಫ್ರಿಜ್ಜಿನ ಮೇಲಿಲ್ಲ. ಇದು ನಾಟಕವಲ್ಲ, ನಿಜವಾಗಿ ಕಳೆದಿತ್ತು. ಕಚೇರಿ ಮುಚ್ಚುವ ಹೊತ್ತು ಬೇರೆ.

“ಥೂ, ಎಲ್ಲಿಟ್ಟೆ ಇದನ್ನ?” ಎಂದು ಹಳೆಯ ಅಭ್ಯಾಸದಂತೆ ಗೊಣಗಿಕೊಂಡೆ.

ಒಳಕೋಣೆಯಿಂದ ಬಂತು: “ಅಲ್ಲೇ.”

ಅದೇ ಸ್ವರ. ಸ್ವಲ್ಪ ಬೇಸರ, ಸ್ವಲ್ಪ ಅಸಡ್ಡೆ, ಕೈಯಲ್ಲಿ ಸೌಟಿರುವವರ ಸ್ವರ.

“ಅಲ್ಲೇ ಅಂದ್ರೆ ಎಲ್ಲಿ?” ಎಂದು ಕೇಳಿದೆ.

“ಅಲ್ಲೇ!”

“ನೋಡ್ದೆ, ಇಲ್ಲ.”

“ಅಲ್ಲೇ!” ಈ ಸಲ ಕೊನೆಯ ಅಕ್ಷರ ಎಳೆದಿತ್ತು. ಕಣ್ಣು ಬಿಟ್ಕೊಂಡ್ ನೋಡು ಎನ್ನುವಷ್ಟು ಉದ್ದಕ್ಕೆ.

ರತ್ನಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. “ಮಾತಾಡ್ತಾ ಇದಾರಲ್ರೀ” ಎಂದರು. ನಾನು ಹುಡುಕುತ್ತಲೇ ಹೋದೆ. ಹಾಸಿಗೆ ಎತ್ತಿದೆ, ಡಬ್ಬ ತೆರೆದೆ, ಒಂದೊಂದು ಕಡೆಯಿಂದಲೂ ಕೂಗಿ ಕೇಳಿದೆ, ಒಂದೊಂದು ಸಲವೂ ಉತ್ತರ ಬಂತು. ನಮ್ಮಿಬ್ಬರ ನಡುವಿನ ಅಷ್ಟೂ ಮಾತುಕತೆಯಲ್ಲಿ ಮೊದಲಿನಂತೆಯೇ ಉಳಿದಿರುವುದು ಇದೊಂದೇ. ಬೀಗದ ಕೈ ಕೊನೆಗೆ ಸಿಕ್ಕಿದ್ದು ಬಾಗಿಲ ಹೊರಗೆ, ಬೀಗದಲ್ಲೇ ನೇತಾಡುತ್ತ. ಅದು ಅಕ್ಕನಿಗೆ ಗೊತ್ತಿರುವುದು ಸಾಧ್ಯವೇ ಇರಲಿಲ್ಲ. ಅಷ್ಟರಲ್ಲಿ ಕಚೇರಿ ಮುಚ್ಚಿತ್ತು.

ಶಿಲ್ಪಾ ಬಂದಾಗ ಓಡಿಹೋಗಿ ಹೇಳಿದೆ. ಅವಳು ಗಮನವಿಟ್ಟು ಕೇಳಿದಳು.

“ಹೊಸಾ ಪದ ಏನರ ಬಂತೇನ್ರಿ?”

“ಇಲ್ಲ.”

“ಹಂಗಾರ ಅದು ರೂಢಿ ಐತ್ರಿ ಮೇಡಂ. ಮಾತು ಅಂತ ಹಿಡಿಯಾಕ ಬರೂದಿಲ್ಲ.” ನನ್ನ ಮುಖ ನೋಡಿ ದನಿ ತಗ್ಗಿಸಿದಳು. “ಮೊದಲಿನ ತಿಂಗಳದಾಗ ಬಂದ್ರ ಬಂತು. ಆಮ್ಯಾಲೆ ನಿಧಾನ ಆಕ್ಕೈತ್ರಿ. ಇನ್ ಮ್ಯಾಲೆ ನಾನು ವಾರಕ್ಕೊಮ್ಮೆ ಬಂದ್ರ ಸಾಕು.”

ನೀರಿನ ಬಾಟಲಿ ಮೇಜಿಗೆ ಮರಳಿತು. ಕಾಫಿಗೆ ಸಕ್ಕರೆ ಬಿತ್ತು. ಆದರೆ ದಿನಕ್ಕೊಮ್ಮೆ ನಾನು ಏನನ್ನಾದರೂ ಕಳೆದುಕೊಳ್ಳುತ್ತೇನೆ. ಕನ್ನಡಕವನ್ನು ಜೇಬಿಗೆ ಹಾಕಿಕೊಂಡು ಕನ್ನಡಕ ಹುಡುಕುತ್ತೇನೆ. ಛತ್ರಿಯನ್ನು ನಾನೇ ಮಂಚದಡಿ ತಳ್ಳಿ ಛತ್ರಿ ಕೇಳುತ್ತೇನೆ. ಉಳಿಸಿಟ್ಟ ಸಮಯವನ್ನು ಯಾವ ಡಬ್ಬಕ್ಕೆ ಹಾಕುತ್ತೀಯ ಎಂದು ಅಕ್ಕ ಕೇಳಿದ್ದಳಲ್ಲ, ಆ ಸಮಯ ಈಗ ಖರ್ಚಾಗುತ್ತಿದೆ.

ಮೊನ್ನೆ ತರಕಾರಿ ತಂದು ಒಳಗೆ ಬಂದೆ. ಬೀಗದ ಕೈಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಅಕ್ಕನ ಮಂಚದ ಹತ್ತಿರ ನಿಂತು, “ಬೀಗದ ಕೈ ಎಲ್ಲಿ ಹೋಯ್ತು ಅಕ್ಕ? ನೋಡಿದ್ಯಾ?” ಎಂದೆ. ದಿಂಬು ಎತ್ತಿದೆ, ಕಿಟಕಿಯ ಕಟ್ಟೆ ಸವರಿದೆ.

ನಾನು ತಡಕಾಡುವುದನ್ನೇ ಅವಳು ಸ್ವಲ್ಪ ಹೊತ್ತು ನೋಡುತ್ತಿದ್ದಳು. ಆಮೇಲೆ ಎಡಗೈ ಚಾಚಿ ನನ್ನ ಮುಷ್ಟಿಯ ಮೇಲೆ ಇಟ್ಟಳು. ಬೆರಳುಗಳನ್ನು ಬಿಡಿಸಲು ಅವಳ ಕೈಯಲ್ಲಿ ಶಕ್ತಿಯಿರಲಿಲ್ಲ, ಸುಮ್ಮನೆ ಒತ್ತಿದಳು.

“ಅಲ್ಲೇ,” ಎಂದಳು, ಮೆತ್ತಗೆ.

ಹಾಗೆ ಒತ್ತಿದಳೋ, ಅಥವಾ ಕೈ ಜಾರಿ ಅಲ್ಲಿ ಬಿತ್ತೋ? ಹೌದು, ಅಲ್ಲ ಎನ್ನಬಲ್ಲ ಸಾಕ್ಷಿ ಇರುವುದು ಒಬ್ಬಳೇ, ಅವಳು ಆಗಲೇ ಗೋಡೆಯ ಕಡೆ ಮುಖ ತಿರುಗಿಸಿ ಕಣ್ಣು ಮುಚ್ಚಿದ್ದಳು. ಮುಷ್ಟಿ ಬಿಚ್ಚಿದೆ. ಅಂಗೈಯಲ್ಲಿ ಬೀಗದ ಕೈಯ ಹಲ್ಲಿನ ಗುರುತು ಮೂಡಿತ್ತು.

ಆಮೇಲೆ ಡೈರಿ ತೆಗೆದು ಬರೆದೆ: ‘ಬೀಗದ ಕೈ ಕಳೆದಿತ್ತು. ಅಕ್ಕ ಹುಡುಕಿಕೊಟ್ಟಳು.’

ಇದರಲ್ಲಿ ಮೊದಲನೆಯ ವಾಕ್ಯ ಸುಳ್ಳು.